ಒಂದೇ ಗಂಟಿನಿಂದ ಎರಡು ಕಣಜ

ರೋಗ ಬಿದ್ದ ನೀಲಗಿರಿ ಸಸಿಯ ಎಲೆ ನೋಡಿದರೆ ನಡುನರದ ಮೇಲೆ, ತೊಟ್ಟಿನ ಮೇಲೆ ಸಜ್ಜೆ ಕಾಳಿನಷ್ಟು ದಪ್ಪದ ಗಂಟುಗಳು ಸಾಲಾಗಿ ಎದ್ದಿರುತ್ತವೆ. ಮೊದಲು ಹಸಿರಾಗಿದ್ದದ್ದು ಗುಲಾಬಿಗೆ ತಿರುಗಿ, ಕೊನೆಗೆ ಕಂದಾಗುತ್ತದೆ. ಅಂಥ ಟೊಂಗೆ ಮುರಿದು ತಂದು ಬಾಟಲಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿಟ್ಟರೆ ಗಂಟುಗಳಿಗೆ ದುಂಡನೆಯ ತೂತು ಬಿದ್ದು ಕಣಜಗಳು ಹೊರಬರುತ್ತವೆ. ತೊಡಕು ಶುರುವಾಗುವುದೂ ಆಗಲೇ. ಬಂದವು ಎರಡು ಬಗೆ. ಒಂದು ಕಪ್ಪು-ಕಂದು ಬಣ್ಣದ್ದು, ಮಿಲಿಮೀಟರಿಗಿಂತ ತುಸುವೇ ಉದ್ದ. ಇನ್ನೊಂದರ ರೆಕ್ಕೆಯ ಅಂಚಿನಲ್ಲಿ ಎದ್ದು ಕಾಣುವ ದಪ್ಪ ಚುಕ್ಕೆ, ಹೆಣ್ಣಿನ ಹಿಂಭಾಗದಲ್ಲಿ ಉದ್ದನೆಯ ತತ್ತಿನಳಿಕೆ. ಇವೆರಡರಲ್ಲಿ ಗಂಟು ಕಟ್ಟಿದ್ದು ಯಾವುದು, ಅದರೊಳಗೆ ನುಗ್ಗಿದ್ದು ಯಾವುದು?

ಮೊದಲನೆಯದರ ಹೆಸರು ಲೆಪ್ಟೊಸೈಬ್ ಇನ್ವೇಸಾ. ನೀಲಗಿರಿಯ ಹಾಗೆ ಇದರ ತವರೂ ಆಸ್ಟ್ರೇಲಿಯಾ. ತವರಿನಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದ ಈ ಹುಳು 2000ದ ಸುಮಾರಿಗೆ ಮಧ್ಯಪ್ರಾಚ್ಯದ ನೀಲಗಿರಿ ತೋಪುಗಳನ್ನು ಹಾಳುಗೆಡವಿ ಸುದ್ದಿಯಾಯಿತು. 2004ರಲ್ಲಿ ಇಸ್ರೇಲ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು ಅದನ್ನು ವಿವರಿಸಿದಾಗ ಪ್ರಭೇದವಷ್ಟೇ ಅಲ್ಲ, ಕುಲವೂ ಹೊಸದಾಗಿತ್ತು. ಆ ಹೊತ್ತಿಗಾಗಲೇ ಅದು ಕರ್ನಾಟಕ, ತಮಿಳುನಾಡಿನ ನರ್ಸರಿಗಳಿಗೆ ಬಂದಿಳಿದಿತ್ತು. ಗಂಡಿನ ಹಂಗಿಲ್ಲದೆ ಹೆಣ್ಣೇ ಹೆಣ್ಣನ್ನು ಹುಟ್ಟಿಸುವ ಜೀವಿ ಇದು. ಒಂದೇ ಒಂದು ಹೆಣ್ಣು ಗಡಿ ದಾಟಿದರೂ ಸಂತಾನಕ್ಕೆ ಸಾಕು. ಹರಿಹರ, ದಾಂಡೇಲಿಯ ಕಾರ್ಖಾನೆಗಳಿಗೆ ನೀಲಗಿರಿ ಬೆಳೆಯುತ್ತಿದ್ದವರಿಗೆ ಇದು ಸಣ್ಣ ಪೆಟ್ಟಲ್ಲ.

ನನಗೆ ಬಹಳ ಹಿಡಿಸಿದ್ದು ಈ ಎರಡು ಕಣಜಗಳ ಕುಲಪುರಾಣ. ಲೆಪ್ಟೊಸೈಬ್ ಸೇರುವುದು ಯೂಲೋಫಿಡೇ ಕುಟುಂಬಕ್ಕೆ. ಆ ಮನೆತನದ ಬಹುಪಾಲು ಸದಸ್ಯರು ಬೇರೆ ಕೀಟಗಳನ್ನು ತಿಂದು ಬೆಳೆಯುವ ಪರತಂತ್ರ ಜೀವಿಗಳು, ರೈತನಿಗೆ ಬೇಕಾದವರು. ಇದು ಮಾತ್ರ ಸಸ್ಯಾಹಾರಕ್ಕೆ ತಿರುಗಿ ಪೀಡೆಯಾಗಿದೆ. ಎರಡನೆಯದು ಮೆಗಾಸ್ಟಿಗ್ಮಸ್ ಕುಲದ್ದು. ಜಗತ್ತಿನ ಅರಣ್ಯ ಇಲಾಖೆಗಳಿಗೆ ಈ ಕುಲದ ಪರಿಚಯವೇ ಬೇರೆ: ಪೈನ್ ಜಾತಿಯ ಮರಗಳ ಬೀಜ ಕೊರೆಯುವ ಹುಳು ಅಂತ. ಹೀಗಾಗಿ ಮನೆತನ ನೋಡಿ ತೀರ್ಪು ಕೊಟ್ಟಿದ್ದರೆ ಪೀಡೆಯನ್ನು ಬಂಧುವೆಂದೂ ಬಂಧುವನ್ನು ಪೀಡೆಯೆಂದೂ ಬರೆದಿಡಬೇಕಾಗುತ್ತಿತ್ತು. ಬಾಟಲಿಯಲ್ಲಿ ಎರಡೂ ಕಂಡವೆಂದ ಮಾತ್ರಕ್ಕೆ ಏನೂ ಸಿದ್ಧವಾಗುವುದಿಲ್ಲ. ಬಲಿಯದ ಗಂಟುಗಳನ್ನು ಸೀಳಿ, ಒಂದು ಮರಿಹುಳು ಇನ್ನೊಂದನ್ನು ತಿನ್ನುತ್ತಿರುವುದನ್ನು ಕಣ್ಣಾರೆ ನೋಡಬೇಕು. ಗಂಟಿದ್ದ ಸಸಿಗಳ ಮೇಲೆ ಕಣಜ ಬಿಟ್ಟು, ಅದರ ಸಂತಾನ ಅದೇ ಗಂಟುಗಳಿಂದ ಮರಳಿ ಸಿಗುತ್ತದೆಯೇ ಎಂದು ಕಾಯಬೇಕು.

ಈ ಕೆಲಸ ನಡೆದದ್ದು ನಮ್ಮ ಬಾಗಲಕೋಟೆಯಿಂದ ದೂರವೇನಲ್ಲ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ. ಕೀಟಶಾಸ್ತ್ರಜ್ಞ ಎ.ಎಸ್. ವಸ್ತ್ರದ, ಕೆ. ಬಸವನಗೌಡ ಮತ್ತು ಸಂಗಡಿಗರು ನಮ್ಮಲ್ಲೇ ಇರುವ ಪರತಂತ್ರ ಜೀವಿಗಳು ಈ ಗಂಟುಹುಳವನ್ನು ಹಿಡಿಯುತ್ತಿವೆಯೇ ಎಂದು ಹುಡುಕುತ್ತಿದ್ದರು. ಸಿಕ್ಕ ಮೆಗಾಸ್ಟಿಗ್ಮಸ್ ಯಾವುದೆಂದು ಹೇಳಬಲ್ಲವರು ದೇಶದಲ್ಲಿ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಹಿರಿಯರು ಕಲ್ಲಿಕೋಟೆ ವಿಶ್ವವಿದ್ಯಾಲಯದ ಟಿ.ಸಿ. ನರೇಂದ್ರನ್ (1944–2013). ಇಂಥ ಪುಟ್ಟ ಕಣಜಗಳ ವರ್ಗೀಕರಣಕ್ಕೇ ಬದುಕು ಸವೆಸಿದವರು. ಇದೇ ಕುಲದ ವಿಗ್ಗಿಯಾನಿ ಎಂಬ ಪ್ರಭೇದಕ್ಕೆ ಅವರು 1988ರಲ್ಲೇ, ಸುರೇಶನ್ ಜೊತೆ ಸೇರಿ, ಹೆಸರಿಟ್ಟಿದ್ದರು. ಧಾರವಾಡದ ಕಣಜ ಹಳೆಯ ಯಾವ ವಿವರಣೆಗೂ ಹೊಂದಲಿಲ್ಲ. 2010ರಲ್ಲಿ ಅದು ಮೆಗಾಸ್ಟಿಗ್ಮಸ್ ಧಾರ್ವಾಡಿಕಸ್ ಎಂದು ದಾಖಲಾಯಿತು. ಹೆಸರಿಟ್ಟವರು ನರೇಂದ್ರನ್ ಮತ್ತು ವಸ್ತ್ರದ. ಪೇಢೆಗೆ, ಸಂಗೀತಕ್ಕೆ ಹೆಸರಾದ ಊರು ಹೀಗೊಂದು ಹುಳುವಿನ ಬೆನ್ನಿಗೂ ಅಂಟಿಕೊಂಡಿತು.

ಹೊಸ ಪ್ರಭೇದ ಎಂದ ಕೂಡಲೇ ದಟ್ಟ ಕಾಡು, ಟಾರ್ಚು, ರಬ್ಬರ್ ಬೂಟು ನೆನಪಾಗುತ್ತವೆ. ಇಲ್ಲಿ ಅವೇನೂ ಇಲ್ಲ. ವರ್ಗೀಕರಣದವರ ಕೆಲಸವೆಲ್ಲ ಕುರ್ಚಿಯ ಮೇಲಿನದು: ಮೀಸೆಯ ಗೆಣ್ಣುಗಳ ಉದ್ದ-ಅಗಲ, ರೆಕ್ಕೆಯ ನರಗಳ ಅನುಪಾತ, ಎದೆಯ ಮೇಲಿನ ರೋಮಗಳು, ತತ್ತಿನಳಿಕೆ ಮೈಯ ಎಷ್ಟು ಪಾಲು, ಇವೇ ಲೆಕ್ಕ. ಇಂಥದ್ದೇ ಮಾದರಿ ಎಂದು ಒಂದು ಕಣಜವನ್ನು ಆರಿಸಿ, ಚೀಟಿ ಹಚ್ಚಿ ಸಂಗ್ರಹಾಲಯದಲ್ಲಿ ಇಡಬೇಕು. ಮುಂದೆ ಯಾರಿಗೇ ಸಂಶಯ ಬರಲಿ, ಅವರು ಆ ಒಂದು ಹುಳುವಿನ ಎದುರು ಬಂದು ನಿಲ್ಲಬೇಕು.

ಸಂಶಯ ಬಂದೇ ಬರುತ್ತದೆ. ಅದಕ್ಕೆ ಹತ್ತಿಯ ಕತೆಯೇ ಸಾಕ್ಷಿ. ಹುನಗುಂದದ ಎರೆಹೊಲದ ರೈತರಿಗೆ ಹಿಟ್ಟು ತಿಗಣೆಯ ಹೆಸರು ಹೊಸದಲ್ಲ. ಫೆನಕಾಕಸ್ ಸೊಲೆನಾಪ್ಸಿಸ್ ಎಂಬ ತಿಗಣೆ ಅಮೆರಿಕದ್ದು; 1898ರಲ್ಲಿ ಅದನ್ನು ಮೊದಲು ವಿವರಿಸಿದ್ದು ನ್ಯೂ ಮೆಕ್ಸಿಕೊದಿಂದ. 2005ರ ನಂತರ ಪಾಕಿಸ್ತಾನ, ಗುಜರಾತ್, ಪಂಜಾಬಿನ ಹತ್ತಿಯನ್ನು ಅದು ನುಂಗಿತು. ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆಯವರು ಒಂಬತ್ತು ರಾಜ್ಯಗಳ ಹತ್ತಿ ಹೊಲ ತಿರುಗಿದಾಗ ಕರ್ನಾಟಕವೂ ಸೇರಿ ಎಲ್ಲ ಕಡೆಯೂ ಅದೇ ಸಿಕ್ಕಿತು. 2008ರಲ್ಲಿ ದಿಲ್ಲಿಯಲ್ಲಿ, ಸತ್ತು ಕಂದು ತೊಗಲಿನಂತೆ ಬಿಗಿದುಕೊಂಡ ತಿಗಣೆಗಳಿಂದ ಕಪ್ಪು ಕಣಜವೊಂದು ಹೊರಬಂತು. ಅಲಿಗಢದ ಮೊಹಮ್ಮದ್ ಹಯಾತ್ 2009ರಲ್ಲಿ ಅದನ್ನು ಏನೇಸಿಯಸ್ ಬಾಂಬಾವಾಲೆಯಿ ಎಂಬ ಹೊಸ ಪ್ರಭೇದವಾಗಿ ವಿವರಿಸಿದರು. ಯಾರೂ ತರದೆ, ಯಾರೂ ಬಿಡದೆ ಆ ಕಣಜ ತಿಗಣೆಯ ಬೆನ್ನು ಹತ್ತಿ ದೇಶವೆಲ್ಲ ಹಬ್ಬಿತ್ತು. ಎಷ್ಟೋ ಹೊಲಗಳಲ್ಲಿ ತಿಗಣೆಯನ್ನು ಹದ್ದಿನಲ್ಲಿಟ್ಟದ್ದು ಔಷಧಿಗಿಂತ ಹೆಚ್ಚಾಗಿ ಇದೇ. 2014ರಲ್ಲಿ ಇರಾನಿನ ಸಂಶೋಧಕರ ತಂಡ ಹಳೆಯ ಮಾದರಿಗಳೊಡನೆ ಹೋಲಿಸಿ ನೋಡಿ, ಇದು ಹೊಸದೇ ಅಲ್ಲ, ಏನೇಸಿಯಸ್ ಅರಿಝೋನೆನ್ಸಿಸ್ ಎಂದಿತು. 1915ರಲ್ಲಿ ಅದಕ್ಕೆ ಹೆಸರಿಟ್ಟವನು ಜಿರಾಲ್ಟ್, ಸಾವಿರಾರು ಕಣಜಗಳನ್ನು ವಿವರಿಸಿದ, ಮೇಲಧಿಕಾರಿಯನ್ನು ಅಣಕಿಸಲು ಇಲ್ಲದ ಕೀಟವೊಂದನ್ನೇ ಸೃಷ್ಟಿಸಿ ಪ್ರಕಟಿಸಿದ ವಿಚಿತ್ರ ಮನುಷ್ಯ. ತಿಗಣೆ ಅಮೆರಿಕದ್ದಾದ ಮೇಲೆ ಅದರ ಶತ್ರುವೂ ಅಲ್ಲಿಯದೇ ಆಗಿರುವುದು ಸಹಜ.

ಇದರಿಂದ ಹಯಾತರ ಕೆಲಸ ವ್ಯರ್ಥವಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವರ ವಿವರಣೆ ಅಷ್ಟು ನಿಖರವಾಗಿದ್ದದ್ದರಿಂದಲೇ ಹೋಲಿಕೆ ಸಾಧ್ಯವಾಯಿತು. ಧಾರ್ವಾಡಿಕಸ್‌ಗೂ ಇಂಥ ಪ್ರಶ್ನೆ ಎದುರಾಗಬಹುದು. ಅದೇ 2010ರಲ್ಲಿ ಆಸ್ಟ್ರೇಲಿಯಾದ ನೀಲಗಿರಿಯಿಂದಲೂ ಇದೇ ಕುಲದ ಹಲವು ಹೊಸ ಪ್ರಭೇದಗಳು ಪ್ರಕಟವಾದವು. ಟೋರಿಮಿಡೇ ಕುಟುಂಬದಲ್ಲಿದ್ದ ಈ ಗುಂಪನ್ನು 2018ರಲ್ಲಿ ಬೇರೆಯದೇ ಕುಟುಂಬ ಮಾಡಿದ್ದಾರೆ. ಇತ್ತ ಗಂಟುಹುಳದ ಹತೋಟಿಗೆ ಬೆಂಗಳೂರಿನ ಕೀಟ ಸಂಸ್ಥೆ ಇಸ್ರೇಲಿನಿಂದ ಕ್ವಾಡ್ರಾಸ್ಟಿಕಸ್ ಮೆಂಡೆಲಿ ಎಂಬ ಇನ್ನೊಂದು ಕಣಜವನ್ನು ತರಿಸಿ ಬಿಟ್ಟಿತು.

ಇಂಥ ಕಣಜಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ಹಿಟ್ಟು ತಿಗಣೆ ಕಾಂಗ್ರೆಸ್ ಕಸದ ಮೇಲೂ ಬದುಕುತ್ತದೆ, ಬೆಂಡೆ, ದಾಸವಾಳದ ಮೇಲೂ. ಇಳಕಲ್ಲಿನ ಹಿತ್ತಲಲ್ಲಾಗಲಿ ಬಾದಾಮಿಯ ಹೊಲದ ಬದುವಿನಲ್ಲಾಗಲಿ ಕಂದು ತಿರುಗಿ ಗಟ್ಟಿಯಾದ ತಿಗಣೆ ಕಂಡರೆ ಎಣ್ಣೆ ಹೊಡೆಯುವ ಮೊದಲು ಆ ಟೊಂಗೆಯನ್ನು ಬಾಟಲಿಗೆ ಹಾಕಿಡಿ. ಹೊರಬಂದ ಕಣಜವನ್ನು ಸ್ಪಿರಿಟ್ಟಿನಲ್ಲಿಟ್ಟು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದವರಿಗೆ ತೋರಿಸಬಹುದು. ಊರು, ತಾರೀಖು, ಗಿಡದ ಹೆಸರು ಬರೆದ ಚೀಟಿಯನ್ನು ಸೀಸೆಯ ಒಳಗೇ ಹಾಕಿ. ಬರೆಯುವಾಗ ಪೆನ್ಸಿಲ್ ಬಳಸಿ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಕರಗಿ ಹೋಗುತ್ತದೆ.