ನಿಂತ ಕಾರಿನ ನಿಲ್ಲದ ಖರ್ಚು

ಬೇಸಿಗೆ ರಜೆಯಲ್ಲಿ ತಿಂಗಳ ಮಟ್ಟಿಗೆ ಊರಿಗೆ ಹೋಗಿಬರುವುದು ಮುಂಬಯಿಯ ನಮ್ಮವರಲ್ಲಿ ಅನೇಕರ ವಾಡಿಕೆ. ಹಾಲು, ಪತ್ರಿಕೆಗಳನ್ನು ನಿಲ್ಲಿಸಿ, ಗ್ಯಾಸ್ ಬಂದ್ ಮಾಡಿ ಹೊರಡುವವರು ಕಟ್ಟಡದ ಅಂಗಳದಲ್ಲಿ ನಿಂತ ಕಾರನ್ನು ಮಾತ್ರ ಮರೆಯುತ್ತಾರೆ. ಕಾರು ನಿಂತರೂ ಅದರ ಖರ್ಚು ನಿಲ್ಲುವುದಿಲ್ಲ. ಗಡಿಯಾರ, ಕಳ್ಳತನದ ಎಚ್ಚರಿಕೆಯ ಗಂಟೆ, ರಿಮೋಟಿನ ಕರೆಗೆ ಕಾದಿರುವ ಬಾಗಿಲ ಬೀಗ ಇವೆಲ್ಲ ಹಗಲಿರುಳೂ ಬ್ಯಾಟರಿಯಿಂದ ಚಿಟಿಕೆ ಚಿಟಿಕೆಯಾಗಿ ವಿದ್ಯುತ್ತನ್ನು ಸೆಳೆಯುತ್ತಲೇ ಇರುತ್ತವೆ.

ಲೆಕ್ಕ ಹಾಕಿ ನೋಡೋಣ. ಬ್ಯಾಂಕಿನವನಿಗೆ ಅದಿಲ್ಲದೆ ಸಮಾಧಾನವಿಲ್ಲ. ಈ ಸೆಳೆತ 40 ಮಿಲಿ ಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 1 ಆಂಪಿಯರ್-ಗಂಟೆ, ತಿಂಗಳಿಗೆ ಸುಮಾರು 29. ಅನೇಕ ಸಣ್ಣ ಕಾರುಗಳ ಬ್ಯಾಟರಿಯ ಒಟ್ಟು ಠೇವಣಿಯೇ 35. ಉಳಿದ ಶಿಲ್ಕಿನಿಂದ ಎಂಜಿನ್ ಚಾಲೂ ಆಗುವ ಭರವಸೆಯಿಲ್ಲ. ಊರಿನಿಂದ ಮರಳಿದ ರಾತ್ರಿಯೇ ಮನೆಯ ಹಿರಿಯರಿಗೆ ಎದೆನೋವು ಬಂದರೆ ಆ ಶಿಲ್ಕಿನ ಬೆಲೆಯೇನೆಂದು ವಿವರಿಸಬೇಕಾಗಿಲ್ಲ. ಬರಿದಾಗಿ ನಿಂತ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟು ಗಟ್ಟಿಗೊಂಡು ಅದರ ಆಯುಷ್ಯವೂ ಕುಗ್ಗುತ್ತದೆ.

ಇದಕ್ಕೆ ಪರಿಹಾರ, ಬ್ಯಾಟರಿಗೂ ಕಾರಿಗೂ ಇರುವ ಸಂಪರ್ಕವನ್ನೇ ಕಡಿಯುವ ಒಂದು ಚಿಕ್ಕ ಸ್ವಿಚ್ಚು. ಅದನ್ನು ಋಣಧ್ರುವಕ್ಕೇ ಜೋಡಿಸಬೇಕು. ಋಣಧ್ರುವದ ಗೂಟ ಧನಧ್ರುವದ್ದಕ್ಕಿಂತ ತುಸು ತೆಳು. ಅಳತೆ ನೋಡಿಯೇ ಕೊಳ್ಳತಕ್ಕದ್ದು. ಎಂಜಿನ್ ಚಾಲೂ ಮಾಡುವಾಗ ನೂರಕ್ಕೂ ಮಿಕ್ಕ ಆಂಪಿಯರ್ ಹರಿಯುವುದರಿಂದ ಸಡಿಲ ಜೋಡಣೆ ಕಾದು ಸುಡುತ್ತದೆ.

ಕೆಲಸಕ್ಕೆ ತೊಡಗುವ ಮುನ್ನ ಎಂಜಿನ್ ಆರಿರಲಿ. ಉಂಗುರ, ಬಳೆ, ಕೈಗಡಿಯಾರ ಕಳಚಿರಲಿ. ಋಣಧ್ರುವದ ತಂತಿಯನ್ನು ಬಿಚ್ಚಿ, ಗೂಟಕ್ಕೆ ಸ್ವಿಚ್ಚನ್ನೂ ಸ್ವಿಚ್ಚಿನ ಮತ್ತೊಂದು ತುದಿಗೆ ತಂತಿಯನ್ನೂ ಬಿಗಿದರಾಯಿತು. ಧನಧ್ರುವದ ಗೊಡವೆ ಬೇಡ. ಎರಡನ್ನೂ ಬಿಚ್ಚುವ ಪ್ರಸಂಗ ಬಂದರೆ ಋಣವನ್ನು ಮೊದಲು ಕಡಿಯಬೇಕು, ಕೊನೆಗೆ ಕಟ್ಟಬೇಕು. ಸಾಲಕ್ಕೂ ಸಲ್ಲುವ ಮಾತಿದು! ಕಾರಿನ ಲೋಹದ ಮೈಯೆಲ್ಲ ಋಣಧ್ರುವಕ್ಕೆ ಸೇರಿದ್ದು. ಧನಧ್ರುವವನ್ನು ಮೊದಲು ಬಿಚ್ಚಹೊರಟು ಸ್ಪ್ಯಾನರು ಆ ಮೈಗೆ ತಾಕಿದರೆ ಕಿಡಿ ಹಾರುತ್ತದೆ. ಚಾರ್ಜಾಗುವಾಗ ಬ್ಯಾಟರಿ ಜಲಜನಕವನ್ನು ಹೊರಬಿಡುವುದರಿಂದ ಆ ಕಿಡಿ ಸ್ಫೋಟಕ್ಕೂ ಕಾರಣವಾದೀತು. ಒಳಗಿರುವುದು ಗಂಧಕಾಮ್ಲ. ಅದರ ಹನಿ ಕಣ್ಣಿಗೆ ಸಿಡಿದರೆ ಉಜ್ಜದೆ, ರೆಪ್ಪೆ ಬಿಡಿಸಿ, ಕನಿಷ್ಠ 20 ನಿಮಿಷ ಶುದ್ಧ ನೀರಿನಿಂದ ತೊಳೆದು ತಡಮಾಡದೆ ನೇತ್ರವೈದ್ಯರಲ್ಲಿಗೆ ಹೋಗಬೇಕು.

ಎಂಜಿನ್ ಓಡುತ್ತಿರುವಾಗ ಈ ಸ್ವಿಚ್ಚನ್ನು ಮುಟ್ಟಲೇಬಾರದು. ಆಲ್ಟರ್ನೇಟರಿನ ವೋಲ್ಟೇಜು ಏಕಾಏಕಿ ಏರಿ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟಾವು. ಸಿಗ್ನಲಿನಲ್ಲಿ ತಾನಾಗಿ ಆರಿ ಹೊತ್ತುವ ಎಂಜಿನ್ನುಳ್ಳ ಹೊಸ ಕಾರುಗಳಲ್ಲಿ ಋಣಧ್ರುವದ ಮೇಲೆಯೇ ಅಳತೆಯ ಉಪಕರಣವಿರುವುದುಂಟು; ಅಂಥವಕ್ಕೆ ಕಂಪೆನಿಯ ವರ್ಕ್‌ಶಾಪಿನಲ್ಲಿ ಕೇಳದೆ ಕೈಹಚ್ಚುವುದು ತರವಲ್ಲ.

ಸ್ವಿಚ್ಚು ತೆಗೆದ ಮೇಲೆ ಗಡಿಯಾರ ಹಿಂದೆ ಬೀಳುತ್ತದೆ, ಎಚ್ಚರಿಕೆಯ ಗಂಟೆ ಮಲಗುತ್ತದೆ, ರಿಮೋಟು ಕೆಲಸ ಮಾಡದು. ಬಾನೆಟ್ ತೆರೆಯುವ ಹಿಡಿಕೆ ಕಾರಿನ ಒಳಗಿರುವುದರಿಂದ ಬಾಗಿಲನ್ನು ಲೋಹದ ಕೀಲಿಯಿಂದಲೇ ತೆರೆಯಬೇಕಾಗುತ್ತದೆ. ವರ್ಷಗಟ್ಟಲೆ ಬಳಸದ ಆ ಕೀಲಿ ಬೀಗದಲ್ಲಿ ತಿರುಗುವುದೇ ಎಂದು ಊರಿಗೆ ಹೊರಡುವ ಮುನ್ನವೇ ನೋಡಿಕೊಳ್ಳಿ.