ರನ್ ಪದವೂ ಸೈಂಧವವೂ

ಇಂಗ್ಲಿಷಿನ ‘ರನ್’ ಎಂಬ ಕ್ರಿಯಾಪದಕ್ಕೆ ಆರುನೂರಕ್ಕೂ ಮೀರಿದ ಅರ್ಥಗಳಿವೆಯೆಂದು ಎಲ್ಲಿಯೋ ಓದಿದ ವಿದ್ಯಾರ್ಥಿಯೊಬ್ಬರು, ಇಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡು ಮನುಷ್ಯನು ತಡವರಿಸದೆ ಮಾತನಾಡುವುದು ಹೇಗೆಂದು ಕೇಳಿದ್ದಾರೆ. ಸಂಖ್ಯೆಯೇನೋ ಸುಳ್ಳಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೂರನೆಯ ಪರಿಷ್ಕರಣಕ್ಕಾಗಿ ಪೀಟರ್ ಗಿಲಿವರ್ ಎಂಬ ಸಂಪಾದಕರು ಈ ಒಂದು ಪದದೊಡನೆ ಒಂಬತ್ತು ತಿಂಗಳಿಗೂ ಮಿಕ್ಕು ಹೆಣಗಿ, 2011ರ ವೇಳೆಗೆ 645 ಅರ್ಥಗಳನ್ನು ವಿಂಗಡಿಸಿಟ್ಟರು. 1989ರ ಆವೃತ್ತಿಯಲ್ಲಿ ಈ ಹಿರಿಮೆಯು ಸುಮಾರು 430 ಅರ್ಥಗಳ ‘ಸೆಟ್’ ಪದಕ್ಕೆ ಸಂದಿತ್ತು.

ಆದರೆ ಇಂಥ ಎಣಿಕೆಯಲ್ಲಿ ಭಾಷೆಯ ಸಂಪತ್ತಿನಷ್ಟೇ ಕೋಶಕಾರನ ಕತ್ತರಿಯ ಹರಿತವೂ ಸೇರಿರುತ್ತದೆಂಬುದನ್ನು ಮರೆಯಲಾಗದು. ನೀರು, ನೆಗಡಿಯ ಮೂಗು, ಒಗೆದ ಬಟ್ಟೆಯ ಬಣ್ಣ, ಅಂಗಡಿ ಇವಿಷ್ಟಕ್ಕೂ ಇಂಗ್ಲಿಷಿನವನು ‘ರನ್’ ಒಂದನ್ನೇ ಹಚ್ಚುತ್ತಾನೆ. ನಮ್ಮಲ್ಲಿಯಾದರೋ ನೀರು ಹರಿಯುತ್ತದೆ, ಮೂಗು ಸೋರುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ, ಅಂಗಡಿಯನ್ನು ನಡೆಸುತ್ತೇವೆ. (ಚುನಾವಣೆಗಾಗಿ ಅಮೆರಿಕದ ಅಭ್ಯರ್ಥಿ ಓಡುತ್ತಾನೆ; ಇಂಗ್ಲೆಂಡಿನವನು ನಮ್ಮವನಂತೆಯೇ ನಿಲ್ಲುತ್ತಾನೆ!) ಹಾಗೆಂದು ಕನ್ನಡಿಗನು ಹೆಮ್ಮೆಪಡಬೇಕಾಗಿಲ್ಲ. ಬಸ್ಸು ಹಿಡಿಯುವುದು, ಹಠ ಹಿಡಿಯುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಪಾತ್ರೆಯು ಎರಡು ಸೇರು ಹಿಡಿಯುವುದು ಇವೆಲ್ಲ ಒಂದೇ ‘ಹಿಡಿ’ಯೋ ನಾಲ್ಕೋ ಎಂದು ಆಡುವವನು ಯೋಚಿಸುವುದಿಲ್ಲ, ಕೋಶಕಾರನು ಯೋಚಿಸದೆ ಬಿಡುವಂತಿಲ್ಲ. ಬಳಕೆ ಹೆಚ್ಚಿದಂತೆ ಅರ್ಥಗಳೂ ಹೆಚ್ಚುತ್ತವೆಯೆಂದೂ, ಆ ಹೆಚ್ಚಳವು ಸ್ಥೂಲವಾಗಿ ಬಳಕೆಯ ವರ್ಗಮೂಲವನ್ನು ಅನುಸರಿಸುತ್ತದೆಂದೂ, ಅಂದರೆ ಬಳಕೆ ನೂರ್ಮಡಿಯಾದಲ್ಲಿ ಅರ್ಥ ಹತ್ತುಮಡಿಯೆಂದೂ, ಹಾರ್ವರ್ಡಿನ ಜಾರ್ಜ್ ಜಿಫ್ 1945ರಲ್ಲಿ ತೋರಿಸಿದನು. ದುಡಿಯುವ ಎತ್ತಿಗೇ ಹೊರೆ ಹೆಚ್ಚು.

ಈ ಎಣಿಕೆಗಿಂತ ನನಗೆ ಆಶ್ಚರ್ಯಕರವಾಗಿ ಕಾಣುವುದು, ಕೇಳುವವನು ಸರಿಯಾದ ಅರ್ಥವನ್ನೇ ಆರಿಸಿಕೊಳ್ಳುವ ಬಗೆ. ನಮ್ಮ ಪ್ರಾಚೀನ ಶಾಸ್ತ್ರಕಾರರು ಇದಕ್ಕೆ ಕೊಡುತ್ತಿದ್ದ ಸೈಂಧವದ ದೃಷ್ಟಾಂತಕ್ಕಿಂತ ಸೊಗಸಾದುದನ್ನು ನಾನು ಕಂಡಿಲ್ಲ. ಸಿಂಧುದೇಶದಿಂದ ಬಂದುದೆಂಬ ಕಾರಣಕ್ಕೆ ಉಪ್ಪಿಗೂ ಕುದುರೆಗೂ ಅದೇ ಹೆಸರು. ಯಜಮಾನನು ‘ಸೈಂಧವವನ್ನು ತಾ’ ಎಂದಾಗ, ಅವನು ಊಟಕ್ಕೆ ಕುಳಿತಿದ್ದರೆ ಸೇವಕನು ಉಪ್ಪನ್ನೂ, ಪ್ರಯಾಣಕ್ಕೆ ಹೊರಟು ನಿಂತಿದ್ದರೆ ಕುದುರೆಯನ್ನೂ ತರತಕ್ಕದ್ದು. ಪ್ರಕರಣವೆಂದು ಹೆಸರಾದ ಈ ನಿಯಾಮಕದೊಡನೆ ಸಂಯೋಗ, ವಿಯೋಗ, ಸಾಹಚರ್ಯ, ವಿರೋಧ ಮೊದಲಾದ ಅನೇಕವನ್ನು ಭರ್ತೃಹರಿಯ ವಾಕ್ಯಪದೀಯವು ಎಣಿಸಿಕೊಡುತ್ತದೆ. ವಿಷ್ಣು, ಇಂದ್ರ, ಸಿಂಹ, ಕಪಿ, ಕಪ್ಪೆ ಎಂದು ಹಲವು ಅರ್ಥಗಳುಳ್ಳ ‘ಹರಿ’ ಶಬ್ದವು ಶಂಖಚಕ್ರಗಳ ಸಂಯೋಗದಿಂದ ವಿಷ್ಣುವಿನಲ್ಲಿ ನೆಲೆಗೊಳ್ಳುವುದು ಸಹಜವಷ್ಟೆ. ಶಂಖಚಕ್ರಗಳಿಲ್ಲದ ಹರಿ ಎಂದರೂ ವಿಷ್ಣುವೇ ಎಂಬುದು ಆಲಂಕಾರಿಕರ ಸೂಕ್ಷ್ಮ. ಇದ್ದವನಿಗಲ್ಲದೆ ಕಳೆದುಕೊಳ್ಳುವ ಯೋಗ ಯಾರಿಗುಂಟು? ಕಪ್ಪೆಯ ಕೈಯಲ್ಲಿ ಶಂಖವಿಲ್ಲವೆಂದು ಯಾರೂ ಹೇಳುವುದಿಲ್ಲ.

ನಿಯಾಮಕಗಳು ಸರಿ, ಅವು ಬೇಡದ ಅರ್ಥವನ್ನು ಬಾಗಿಲಲ್ಲಿಯೇ ತಡೆಯುವುವೋ, ಒಳಗೆ ಬಿಟ್ಟು ಆಮೇಲೆ ಹೊರದೂಡುವುವೋ? ಅಮೆರಿಕದ ಮನೋವಿಜ್ಞಾನಿ ಡೇವಿಡ್ ಸ್ವಿನ್ನಿ 1979ರಲ್ಲಿ ಪ್ರಕಟಿಸಿದ ಪ್ರಯೋಗವು ಇದನ್ನೇ ಪರೀಕ್ಷಿಸಿತು. ಅವನು ಆರಿಸಿಕೊಂಡ ಪದಗಳಲ್ಲೊಂದು ‘ಬಗ್ಸ್’: ಹುಳುಗಳೆಂದೂ ಅರ್ಥ, ಗುಟ್ಟಾಗಿ ಮಾತು ಕದ್ದಾಲಿಸುವ ಉಪಕರಣಗಳೆಂದೂ ಅರ್ಥ. ಜೇಡ, ಜಿರಳೆ ಮುಂತಾದ ಬಗ್ಸ್ ಕೋಣೆಯ ಮೂಲೆಯಲ್ಲಿದ್ದುವೆಂಬ ವಾಕ್ಯವು ಕಿವಿಗೆ ಬೀಳುತ್ತಿದ್ದಂತೆ, ಆ ಪದ ಮುಗಿದ ಕ್ಷಣದಲ್ಲಿಯೇ ಕಣ್ಣೆದುರಿಗೆ ಒಂದು ಲಿಖಿತ ಪದವು ಮೂಡುವುದು. ಅದು ಇಂಗ್ಲಿಷಿನಲ್ಲಿರುವ ಪದವೇ ಅಲ್ಲವೇ ಎಂದು ಶೀಘ್ರವಾಗಿ ತೀರ್ಮಾನಿಸಬೇಕು. ಸಂಬಂಧವಿಲ್ಲದ ‘ಹೊಲಿಗೆ’ಯಂಥ ಪದಕ್ಕಿಂತ ‘ಇರುವೆ’ಯನ್ನು ಜನರು ಬೇಗ ಗುರುತಿಸಿದುದು ನಿರೀಕ್ಷಿತವೇ, ಆದರೆ ಜೇಡ ಜಿರಳೆಗಳು ಅಷ್ಟು ಸ್ಪಷ್ಟವಾಗಿ ಎದುರಿಗಿದ್ದರೂ ‘ಗೂಢಚಾರ’ನನ್ನೂ ಅಷ್ಟೇ ಬೇಗ ಗುರುತಿಸಿದರು! ಲಿಖಿತ ಪದವನ್ನು ಮೂರು ಅಕ್ಷರಗಳ ಉಚ್ಚಾರಣೆಯಷ್ಟು ತಡಮಾಡಿ ತೋರಿಸಿದಾಗ ಮಾತ್ರ ಗೂಢಚಾರನು ಹಿಂದೆ ಬಿದ್ದು ಇರುವೆಯೊಂದೇ ಉಳಿಯಿತು. ಬಹುಬಳಕೆಯ ಅರ್ಥಕ್ಕೆ ಈ ಓಟದಲ್ಲಿ ಮೇಲುಗೈಯುಂಟೆಂದು ಅನಂತರದ ಪ್ರಯೋಗಗಳು ತಿದ್ದುಪಡಿ ತಂದಿರುವುದು ನಿಜ. ಆದರೂ ಸ್ವಿನ್ನಿಯ ಫಲಿತಾಂಶವನ್ನು ಓದಿದಂದಿನಿಂದ ನನಗೆ ಆ ಸೇವಕನದೇ ನೆನಪು: ಅಡುಗೆಮನೆಯ ಕಡೆಗೆ ಉಪ್ಪಿಗಾಗಿ ತಿರುಗುವ ಮುನ್ನ, ಅವನಿಗೇ ತಿಳಿಯದಂತೆ, ಅವನ ಚಿತ್ತದಲ್ಲಿ ಕುದುರೆಯೊಂದು ಅರೆಕ್ಷಣ ಕೆನೆದಿರಬೇಕು.