ಎದೆಯಿಂದ ಹೊರಟ ಲಕ್ವ

ಲಕ್ವ ಹೊಡೆಯಿತು ಎಂದರೆ ಮೈಸೂರಿನ ರಾಜೀವನಗರದವರು ಸಿಕ್ಕ ಆಟೋ ಹತ್ತಿ ಕೆ.ಆರ್. ಆಸ್ಪತ್ರೆಗೆ ಓಡುತ್ತಾರೆ. ಓಡಲೇಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಬೀಳಬೇಕು. ಆದರೆ ಆ ಗಡಿಬಿಡಿಯಲ್ಲಿ ಒಂದು ಮಾತು ಮನೆಯಲ್ಲೇ ಉಳಿದುಹೋಗುತ್ತದೆ: ಲಕ್ವ ಹೊಡೆದವರು ಕೈ ಸೋಲುವ ಮುಂಚೆ ಎದೆಯನ್ನೋ ಬೆನ್ನನ್ನೋ ಹಿಡಿದುಕೊಂಡು ನರಳಿದ್ದರು. ನೋವು ಇಳಿಯಿತು, ಎಲ್ಲರೂ ಮರೆತರು. ಆ ನೋವು ಮಹಾಪಧಮನಿ ಸೀಳಿದ್ದರ ಸೂಚನೆಯಾಗಿರಬಹುದು.

ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆಗೆ ಮೂರು ಪದರ. ವರ್ಷಗಟ್ಟಲೆ ಹತೋಟಿಗೆ ಬಾರದ ಬಿ.ಪಿ. ಆ ಗೋಡೆಯನ್ನು ಸವೆಸುತ್ತದೆ. ಒಳಪದರ ಒಂದೆಡೆ ಹರಿದರೆ ರಕ್ತ ಸೀಳಿನೊಳಗೆ ನುಗ್ಗುತ್ತದೆ. ಪ್ರತಿ ಬಡಿತಕ್ಕೂ, ಕೋಟಿನ ಅಸ್ತರು ಬಿಟ್ಟುಕೊಂಡ ಹಾಗೆ, ಪದರಗಳು ಇನ್ನಷ್ಟು ಬೇರೆಯಾಗುತ್ತವೆ. ದಾರಿಯಲ್ಲಿ ಸಿಕ್ಕ ಕವಲುಗಳ ಬಾಯಿ ಮುಚ್ಚುತ್ತದೆ. ಬಲಮಿದುಳಿಗೆ ರಕ್ತ ಒಯ್ಯುವ ನಾಳ ಹೊರಡುವುದು ಮಹಾಪಧಮನಿ ಬಾಗುವ ಕಮಾನಿನ ಮೊದಲ ಕವಲಿನಿಂದ. ಸೀಳು ಅದಕ್ಕೆ ಹಬ್ಬಿತೆಂದರೆ ಎಡಗೈ, ಎಡಗಾಲು ಸೋಲುತ್ತವೆ. ಕೆಳಗಿಳಿದು ಬೆನ್ನುಹುರಿಯ ರಕ್ತ ತಡೆದರೆ ಎರಡೂ ಕಾಲಿನ ಬಲ ಒಮ್ಮೆಲೇ ಹೋಗಬಹುದು. ಕೆಲವರು ಪ್ರಜ್ಞೆ ತಪ್ಪಿ ಬೀಳುತ್ತಾರೆ. ಕೆಲವರಿಗೆ ದನಿ ಗೊಗ್ಗರಾಗುತ್ತದೆ, ಏಕೆಂದರೆ ಧ್ವನಿಪೆಟ್ಟಿಗೆಯ ಎಡನರ ಇದೇ ಕಮಾನನ್ನು ಬಳಸಿಕೊಂಡು ಮೇಲೇರುತ್ತದೆ.

2007ರಲ್ಲಿ ಜರ್ಮನಿಯ ವೈದ್ಯರು ಮಹಾಪಧಮನಿ ಹೀಗೆ ಸೀಳಿದ 102 ರೋಗಿಗಳ ವಿವರ ಪ್ರಕಟಿಸಿದರು. 30 ಮಂದಿಗೆ ಮೊದಲು ಕಂಡದ್ದೇ ನರಗಳ ತೊಂದರೆ. ಅವರಲ್ಲಿ ಮೂರನೇ ಒಂದು ಭಾಗದವರು ಎದೆನೋವಿನ ಮಾತೇ ಎತ್ತಲಿಲ್ಲ. ಭಯವಿರುವುದು ಇಲ್ಲೇ. ಲಕ್ವಕ್ಕೆ ಸಂಜೀವಿನಿಯಾದ ಇಂಜೆಕ್ಷನ್ ಸೀಳಿದ ಮಹಾಪಧಮನಿಯಲ್ಲಿ ರಕ್ತಸ್ರಾವವನ್ನು ತಡೆಯಲಾಗದಂತೆ ಮಾಡಿ ಪ್ರಾಣ ತೆಗೆಯಬಹುದು.

ಲಕ್ವ ಹೊಡೆದವರಲ್ಲಿ ಇಂಥವರು ತೀರ ಕಡಿಮೆ. ಆದರೂ ಎರಡೂ ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಲು ಎಷ್ಟು ಹೊತ್ತು ಬೇಕು? ಒಂದರಲ್ಲಿ 150, ಇನ್ನೊಂದರಲ್ಲಿ 110 ಬಂದರೆ, ಒಂದು ಮಣಿಕಟ್ಟಿನ ನಾಡಿ ಬೆರಳಿಗೆ ಸಿಗದಿದ್ದರೆ, ಇಂಜೆಕ್ಷನ್‌ಗೆ ಮುಂಚೆ ಎದೆಯ ಸಿ.ಟಿ. ಆಂಜಿಯೋ ಆಗಲೇಬೇಕು. ಇದು ಪ್ರತಿ ಕ್ಯಾಶುಯಾಲ್ಟಿಯ ರೂಢಿಯಾಗಬೇಕೆಂದು ನನ್ನ ಗಟ್ಟಿಯಾದ ಅಭಿಪ್ರಾಯ. ಹೃದಯಕ್ಕೆ ಹತ್ತಿರದ ಸೀಳಿಗೆ ಚಿಕಿತ್ಸೆ ಸಿಗದಿದ್ದರೆ ಮೊದಲ ಎರಡು ದಿನ ಗಂಟೆಗೆ ಶೇ 1ರಿಂದ 2ರಷ್ಟು ರೋಗಿಗಳು ಸಾಯುತ್ತಾರೆ ಎಂಬುದು ವೈದ್ಯರ ಹಳೆಯ ಲೆಕ್ಕ.

ಲಕ್ವ ಆಗಿಹೋಯಿತು, ಇನ್ನು ಆಪರೇಷನ್ ಯಾಕೆ ಎಂದು ಕೈಚೆಲ್ಲಬೇಕಿಲ್ಲ. ಸೀಳು ಬೇಗ ರಿಪೇರಿಯಾಗಿ ರಕ್ತ ಮತ್ತೆ ಹರಿದರೆ ಹಲವರಿಗೆ ಬಲ ಮರಳುತ್ತದೆ. ಈ ಶಸ್ತ್ರಚಿಕಿತ್ಸೆಗೆ ದಾರಿ ಹಾಕಿದವರಲ್ಲಿ ಪ್ರಮುಖರಾದ ಹ್ಯೂಸ್ಟನ್‌ನ ಮೈಕೆಲ್ ಡಿಬೇಕಿಗೇ 2005ರ ಡಿಸೆಂಬರ್ 31ರಂದು, 97ರ ವಯಸ್ಸಿನಲ್ಲಿ, ಮಹಾಪಧಮನಿ ಸೀಳುವ ಇದೇ ಕಾಯಿಲೆ ಬಂತು. 2006ರ ಫೆಬ್ರವರಿಯಲ್ಲಿ ಆಪರೇಷನ್ ಆಯಿತು, 2008ರವರೆಗೆ ಬದುಕಿದರು.

ಮಾತು ಬಿದ್ದುಹೋದವರು ತಮಗೆ ನೋವು ಬಂದಿತ್ತೆಂದು ಹೇಳಲಾರರು. ಆಟೋದಲ್ಲಿ ಜೊತೆಗೆ ಬಂದ ಹೆಂಡತಿಯೋ ಮಗನೋ ಕ್ಯಾಶುಯಾಲ್ಟಿ ಡಾಕ್ಟರಿಗೆ ಹೇಳಬೇಕು: ನೋವು ಯಾವಾಗ ಬಂತು, ಎಲ್ಲಿಂದ ಎಲ್ಲಿಗೆ ಸರಿಯಿತು, ಬಿ.ಪಿ. ಮಾತ್ರೆ ಎಷ್ಟು ದಿನದಿಂದ ನಿಂತಿತ್ತು, ಮನೆತನದಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಹಠಾತ್ತನೆ ತೀರಿಕೊಂಡಿದ್ದರೇ ಎಂಬುದನ್ನೂ.